ಅಂಕಿ ಅಂಶಗಳ ಪ್ರಾಥಮಿಕ ಪರಿಚಯ: ಮಾಪನದ ಬಗೆಗಳು, ಸರಾಸರಿ ಮತ್ತು ಬೆಳೆ ವಿಮೆಯ ಲೆಕ್ಕ
(ಸಾರ್ವಜನಿಕರ ಹಾಗೂ ಅರ್ಜಿದಾರರ ಮಾಹಿತಿಗಾಗಿ)

ಪೀಠಿಕೆ

ಸರ್ಕಾರದ ಯಾವುದೇ ಸೇವೆಗೆ ಅರ್ಜಿ ಸಲ್ಲಿಸುವ ನಾಗರಿಕರು ಅರ್ಜಿ ನಮೂನೆಯಲ್ಲಿ ಹಲವು ವಿವರಗಳನ್ನು ಭರ್ತಿ ಮಾಡುತ್ತಾರೆ. ಹೆಸರು, ಸರ್ವೆ ನಂಬರು, ಜನ್ಮ ದಿನಾಂಕ, ವಿದ್ಯಾರ್ಹತೆ, ಜಮೀನಿನ ವಿಸ್ತೀರ್ಣ, ವಾರ್ಷಿಕ ಆದಾಯ ಮುಂತಾದವು ಇವುಗಳಲ್ಲಿ ಸೇರಿವೆ. ಈ ವಿವರಗಳು ಮುಂದೆ ತಾಲ್ಲೂಕು, ಜಿಲ್ಲೆ ಹಾಗೂ ರಾಜ್ಯ ಮಟ್ಟದಲ್ಲಿ ಕ್ರೋಡೀಕರಣಗೊಂಡು ಅಂಕಿ ಅಂಶಗಳಾಗುತ್ತವೆ. ಅಂಕಿ ಅಂಶಗಳ ಆಧಾರದ ಮೇಲೆ ಅನುದಾನ ಹಂಚಿಕೆಯಾಗುತ್ತದೆ, ಫಲಾನುಭವಿಗಳ ಅರ್ಹತೆ ನಿರ್ಧಾರವಾಗುತ್ತದೆ ಮತ್ತು ಬೆಳೆ ನಷ್ಟಕ್ಕೆ ಪರಿಹಾರ ಲೆಕ್ಕ ಹಾಕಲಾಗುತ್ತದೆ.

ಹೀಗಿದ್ದರೂ, ಈ ಲೆಕ್ಕಗಳ ಹಿಂದಿರುವ ಸರಳ ತತ್ವಗಳು ಅನೇಕರಿಗೆ ಪರಿಚಿತವಾಗಿರುವುದಿಲ್ಲ. "ನನ್ನ ಹೊಲದಲ್ಲಿ ಬೆಳೆ ಪೂರ್ತಿ ಹೋಗಿದೆ, ಪರಿಹಾರ ಮಾತ್ರ ಕಾಲು ಭಾಗ ಬಂದಿದೆ, ಇದು ಯಾವ ಲೆಕ್ಕ?" ಎಂಬ ಪ್ರಶ್ನೆ ರೈತರಿಂದ ಪದೇ ಪದೇ ಕೇಳಿಬರುತ್ತದೆ. ಈ ಪ್ರಶ್ನೆಗೆ ಉತ್ತರ ಸರಾಸರಿ ಎಂಬ ಒಂದೇ ಪದದಲ್ಲಿ ಅಡಗಿದೆ. ಈ ಲೇಖನದಲ್ಲಿ ವಿವರಣಾತ್ಮಕ ಸಂಖ್ಯಾಶಾಸ್ತ್ರದ ಮೂಲಾಂಶಗಳನ್ನು ಬೆಳೆ ಕಟಾವು ಪ್ರಯೋಗ ಮತ್ತು ಬೆಳೆ ವಿಮೆಯ ಉದಾಹರಣೆಯೊಂದಿಗೆ ವಿವರಿಸಲಾಗಿದೆ.

1. ವಿವರಣಾತ್ಮಕ ಸಂಖ್ಯಾಶಾಸ್ತ್ರ ಎಂದರೇನು?

ಒಂದು ಉದ್ದೇಶಕ್ಕಾಗಿ ಸಂಗ್ರಹಿಸಿದ ವಿವರಗಳ ಸಮೂಹವನ್ನು ದತ್ತಾಂಶ ಎನ್ನಲಾಗುತ್ತದೆ. ದತ್ತಾಂಶವನ್ನು ವರ್ಗೀಕರಿಸಿ, ಕೋಷ್ಟಕವಾಗಿ ಜೋಡಿಸಿ, ಕೆಲವೇ ಸಂಖ್ಯೆಗಳಲ್ಲಿ ಅದರ ಸಾರವನ್ನು ತಿಳಿಸುವ ಕ್ರಮವೇ ವಿವರಣಾತ್ಮಕ ಸಂಖ್ಯಾಶಾಸ್ತ್ರ. ಉದಾಹರಣೆಗೆ, 2011ರ ಜನಗಣತಿಯ ಪ್ರಕಾರ ಕರ್ನಾಟಕದ ಜನಸಂಖ್ಯೆ 6,10,95,297. ಇವರಲ್ಲಿ ಪುರುಷರು 3,09,66,657 ಮತ್ತು ಮಹಿಳೆಯರು 3,01,28,640. ಈ ಎರಡು ದೊಡ್ಡ ಸಂಖ್ಯೆಗಳನ್ನು ನೆನಪಿನಲ್ಲಿಟ್ಟುಕೊಳ್ಳುವುದು ಕಷ್ಟ. "1,000 ಪುರುಷರಿಗೆ 973 ಮಹಿಳೆಯರು" ಎಂಬ ಲಿಂಗಾನುಪಾತ ಅದೇ ವಿಷಯವನ್ನು ಒಂದೇ ಸಂಖ್ಯೆಯಲ್ಲಿ ತಿಳಿಸುತ್ತದೆ.

ಭಾರತದಲ್ಲಿ ಈ ಶಾಸ್ತ್ರಕ್ಕೆ ಭದ್ರ ಬುನಾದಿ ಹಾಕಿದವರಲ್ಲಿ ಪ್ರೊ. ಪಿ.ಸಿ. ಮಹಾಲನೋಬಿಸ್ ಪ್ರಮುಖರು. ಅವರು 1931ರಲ್ಲಿ ಕಲ್ಕತ್ತೆಯಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸ್ಥಾಪಿಸಿದರು. 1950ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಆರಂಭಕ್ಕೂ ಅವರೇ ಕಾರಣರು. ಅವರ ಜನ್ಮದಿನವಾದ ಜೂನ್ 29ನ್ನು 2007ರಿಂದ ಸಾಂಖ್ಯಿಕ ದಿನವನ್ನಾಗಿ ಆಚರಿಸಲಾಗುತ್ತಿದೆ.

2. ಮಾಪನದ ನಾಲ್ಕು ಬಗೆಗಳು

ಅರ್ಜಿಯಲ್ಲಿ ಬರೆಯುವ ಎಲ್ಲ ಅಂಕಿಗಳೂ ಒಂದೇ ಬಗೆಯವಲ್ಲ. ಕೆಲವನ್ನು ಕೂಡಬಹುದು, ಕೆಲವನ್ನು ಕೂಡಿದರೆ ಅರ್ಥವೇ ಇರುವುದಿಲ್ಲ. ಅಮೆರಿಕದ ಮನೋವಿಜ್ಞಾನಿ ಎಸ್.ಎಸ್. ಸ್ಟೀವನ್ಸ್ ಅವರು 1946ರಲ್ಲಿ ಮಾಪನಗಳನ್ನು ನಾಲ್ಕು ಬಗೆಗಳಾಗಿ ವಿಂಗಡಿಸಿದರು. ಈ ವಿಂಗಡಣೆ ಇಂದಿಗೂ ಬಳಕೆಯಲ್ಲಿದೆ.

2.1 ನಾಮ ಮಾಪನ

ಇಲ್ಲಿ ಅಂಕಿಯು ಕೇವಲ ಹೆಸರಿನ ಕೆಲಸ ಮಾಡುತ್ತದೆ. ಸರ್ವೆ ನಂಬರು, ಪಿನ್ ಕೋಡ್, ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ ಸಂಖ್ಯೆ ಇವು ಉದಾಹರಣೆಗಳು. ಸರ್ವೆ ನಂಬರು 84ರ ಜಮೀನು ಸರ್ವೆ ನಂಬರು 42ರ ಜಮೀನಿಗಿಂತ ಎರಡು ಪಟ್ಟು ದೊಡ್ಡದಲ್ಲ. ಲಿಂಗ, ಮಾತೃಭಾಷೆ, ಬೆಳೆಯ ಹೆಸರು, ನೀರಾವರಿಯ ಮೂಲ ಇವೂ ಈ ಬಗೆಗೆ ಸೇರುತ್ತವೆ. ನಮೂನೆಯಲ್ಲಿ ರಾಗಿಗೆ 1, ಜೋಳಕ್ಕೆ 2, ತೊಗರಿಗೆ 3 ಎಂಬ ಸಂಕೇತ ನೀಡಿದ್ದರೂ ಆ ಸಂಕೇತಗಳ ಸರಾಸರಿ ತೆಗೆಯುವುದು ಅರ್ಥಹೀನ. ಪ್ರತಿಯೊಂದು ವರ್ಗದಲ್ಲಿ ಎಷ್ಟು ಮಂದಿ ಇದ್ದಾರೆ ಎಂದು ಎಣಿಸಬಹುದು ಮತ್ತು ಅದರ ಶೇಕಡಾವಾರು ಹೇಳಬಹುದು.

ಇಂತಹ ಸಂಖ್ಯೆಗಳಲ್ಲಿ "ಸುಮಾರು ಸರಿ" ಎಂಬುದಿಲ್ಲ. ಖಾತೆ ಸಂಖ್ಯೆಯ ಒಂದು ಅಂಕಿ ತಪ್ಪಿದರೆ ಹಣವು ಪಾವತಿಯಾಗದೆ ಹಿಂದಿರುಗಬಹುದು ಅಥವಾ ಬೇರೊಬ್ಬರ ಖಾತೆಗೆ ಸೇರಬಹುದು.

2.2 ಕ್ರಮ ಮಾಪನ

ಇಲ್ಲಿ ಹೆಚ್ಚು ಕಡಿಮೆ ಎಂಬ ಕ್ರಮವಿರುತ್ತದೆ, ಆದರೆ ನಡುವಿನ ಅಂತರ ಸಮನಾಗಿರುವುದಿಲ್ಲ. ಪ್ರಾಥಮಿಕ, ಪ್ರೌಢ, ಪದವಿಪೂರ್ವ, ಪದವಿ ಎಂಬ ವಿದ್ಯಾರ್ಹತೆಯ ಹಂತಗಳು ಈ ಬಗೆಯವು. ಪರೀಕ್ಷೆಯಲ್ಲಿ ಮೊದಲ ಮತ್ತು ಎರಡನೆಯ ಸ್ಥಾನದ ನಡುವೆ ಒಂದು ಅಂಕದ ಅಂತರವಿರಬಹುದು, ಎರಡನೆಯ ಮತ್ತು ಮೂರನೆಯ ಸ್ಥಾನದ ನಡುವೆ ಹತ್ತು ಅಂಕಗಳಿರಬಹುದು. ಸ್ಥಾನವನ್ನು ಮಾತ್ರ ನೋಡಿದರೆ ಈ ಅಂತರ ತಿಳಿಯುವುದಿಲ್ಲ.

ಭಾರತ ಹವಾಮಾನ ಇಲಾಖೆಯು ಮಳೆಯನ್ನು ವರ್ಗೀಕರಿಸುವ ಕ್ರಮವೂ ಇದೇ ಬಗೆಯದು. ದೀರ್ಘಾವಧಿ ಸರಾಸರಿಗಿಂತ ಶೇ. 19ರಷ್ಟು ಹೆಚ್ಚು ಅಥವಾ ಕಡಿಮೆ ಇರುವವರೆಗೆ ಜಿಲ್ಲೆಯ ಮಳೆಯನ್ನು "ವಾಡಿಕೆ" ಎಂದೂ, ಶೇ. 20ರಿಂದ 59ರಷ್ಟು ಕಡಿಮೆಯಾದರೆ "ಕೊರತೆ" ಎಂದೂ, ಶೇ. 60 ಅಥವಾ ಅದಕ್ಕಿಂತ ಹೆಚ್ಚು ಕಡಿಮೆಯಾದರೆ "ತೀವ್ರ ಕೊರತೆ" ಎಂದೂ ಕರೆಯಲಾಗುತ್ತದೆ. ಶೇ. 19 ಕಡಿಮೆ ಮಳೆಯಾದ ಜಿಲ್ಲೆಗೂ ಶೇ. 20 ಕಡಿಮೆ ಮಳೆಯಾದ ಜಿಲ್ಲೆಗೂ ವ್ಯತ್ಯಾಸ ಅತ್ಯಲ್ಪ. ಆದರೆ ಅವು ಬೇರೆ ಬೇರೆ ವರ್ಗಗಳಿಗೆ ಸೇರುತ್ತವೆ. ಶೇ. 20 ಕೊರತೆಯ ಜಿಲ್ಲೆಯೂ ಶೇ. 59 ಕೊರತೆಯ ಜಿಲ್ಲೆಯೂ ಒಂದೇ ವರ್ಗದಲ್ಲಿ ಬರುತ್ತವೆ. ಆದುದರಿಂದ ವರ್ಗದ ಹೆಸರಿನೊಂದಿಗೆ ಮೂಲ ಅಂಕಿಯನ್ನೂ ನೋಡುವುದು ಒಳಿತು.

2.3 ಅಂತರ ಮಾಪನ

ಇಲ್ಲಿ ಅಂತರಗಳು ಸಮನಾಗಿರುತ್ತವೆ, ಆದರೆ ಸೊನ್ನೆ ಎಂಬುದು "ಏನೂ ಇಲ್ಲ" ಎಂಬ ಅರ್ಥ ಕೊಡುವುದಿಲ್ಲ. ಸೆಲ್ಸಿಯಸ್ ಉಷ್ಣಾಂಶ ಮತ್ತು ಪಂಚಾಂಗದ ವರ್ಷ ಇದಕ್ಕೆ ಉದಾಹರಣೆಗಳು. 20 ಡಿಗ್ರಿ ಸೆಲ್ಸಿಯಸ್ ಎಂಬುದು 10 ಡಿಗ್ರಿಯ ಎರಡರಷ್ಟು ಬಿಸಿಯಲ್ಲ. ಅಂತೆಯೇ, ಸರ್ಕಾರವು 1957ರ ಮಾರ್ಚ್ 22ರಿಂದ ಅಂಗೀಕರಿಸಿದ ರಾಷ್ಟ್ರೀಯ ಪಂಚಾಂಗದ ಶಕ ವರ್ಷಕ್ಕೂ ಕ್ರಿಸ್ತಶಕ ವರ್ಷಕ್ಕೂ 78 ವರ್ಷಗಳ ವ್ಯತ್ಯಾಸವಿದೆ; ವರ್ಷದ ಆರಂಭದ ತಿಂಗಳುಗಳಲ್ಲಿ ಈ ವ್ಯತ್ಯಾಸ 79 ಆಗುತ್ತದೆ. ಎಣಿಕೆಯ ಆರಂಭ ಬಿಂದು ಬೇರೆಯಾದರೂ ಇಬ್ಬರು ವ್ಯಕ್ತಿಗಳ ಜನ್ಮ ದಿನಾಂಕಗಳ ನಡುವಿನ ಅಂತರ ಎರಡು ಪಂಚಾಂಗಗಳಲ್ಲಿಯೂ ಒಂದೇ ಆಗಿರುತ್ತದೆ.

2.4 ಅನುಪಾತ ಮಾಪನ

ಇಲ್ಲಿ ನಿಜವಾದ ಸೊನ್ನೆ ಇರುತ್ತದೆ. ತೂಕ, ಉದ್ದ, ವಿಸ್ತೀರ್ಣ, ಆದಾಯ, ವಯಸ್ಸು, ಮಳೆಯ ಪ್ರಮಾಣ ಇವು ಈ ಬಗೆಯವು. 40 ಕಿಲೋ ರಾಗಿಯು 20 ಕಿಲೋ ರಾಗಿಯ ಎರಡರಷ್ಟು ಎಂದು ಧೈರ್ಯವಾಗಿ ಹೇಳಬಹುದು. ಜನ್ಮ ದಿನಾಂಕವು ಅಂತರ ಮಾಪನವಾದರೆ, ಅದರಿಂದ ಲೆಕ್ಕ ಹಾಕಿದ ವಯಸ್ಸು ಅನುಪಾತ ಮಾಪನವಾಗುತ್ತದೆ. ಈ ಬಗೆಯಲ್ಲಿ ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು ಎಲ್ಲವೂ ಸಾಧ್ಯ.

ಅನುಪಾತ ಮಾಪನದ ವಿವರಗಳಲ್ಲಿ ಎರಡು ತೆರನಿವೆ. ರಾಸುಗಳ ಸಂಖ್ಯೆ, ಕುಟುಂಬದ ಸದಸ್ಯರ ಸಂಖ್ಯೆ ಇವು ಎಣಿಸುವಂಥವು, ಪೂರ್ಣಾಂಕಗಳಲ್ಲಿಯೇ ಇರುತ್ತವೆ. ಹಾಲಿನ ಪ್ರಮಾಣ, ಮಳೆ, ತೂಕ ಇವು ಅಳೆಯುವಂಥವು, ದಶಮಾಂಶದಲ್ಲಿಯೂ ಇರಬಹುದು. ಒಂದು ಕುಟುಂಬದ ಸರಾಸರಿ ಸದಸ್ಯರು 4.6 ಎಂದು ವರದಿಯಲ್ಲಿ ಓದಿದಾಗ ಅದು ಯಾವುದೇ ಒಂದು ಮನೆಯ ವರ್ಣನೆಯಲ್ಲ, ಹಲವು ಮನೆಗಳ ಸಾರಾಂಶ ಎಂದು ತಿಳಿಯತಕ್ಕದ್ದು.

3. ಎಕರೆ ಮತ್ತು ಗುಂಟೆ ಬರೆಯುವಾಗ ಆಗುವ ದೋಷ

ಮಾಪನದ ಏಕಮಾನವನ್ನು ಗಮನಿಸದಿದ್ದರೆ ಆಗುವ ನಷ್ಟಕ್ಕೆ ಪಹಣಿಯ ವಿಸ್ತೀರ್ಣ ಉತ್ತಮ ಉದಾಹರಣೆ. ಪಹಣಿಯಲ್ಲಿ ವಿಸ್ತೀರ್ಣವನ್ನು ಎಕರೆ, ಗುಂಟೆ, ಆಣೆಗಳಲ್ಲಿ ನಮೂದಿಸಲಾಗುತ್ತದೆ. 40 ಗುಂಟೆಗೆ ಒಂದು ಎಕರೆ, 16 ಆಣೆಗೆ ಒಂದು ಗುಂಟೆ. ಆದ್ದರಿಂದ 2.20 ಎಂದು ಬರೆದಿದ್ದರೆ ಅದು 2 ಎಕರೆ 20 ಗುಂಟೆ, ಅಂದರೆ ಎರಡೂವರೆ ಎಕರೆ. ಇದನ್ನೇ ದಶಮಾಂಶವೆಂದು ಭಾವಿಸಿ 2.2 ಎಕರೆ ಎಂದು ನಮೂದಿಸಿದರೆ 12 ಗುಂಟೆ ಜಮೀನು ಕಾಗದದ ಮೇಲೆ ಕಡಿಮೆಯಾಗುತ್ತದೆ.

ಕೂಡುವಾಗಲೂ ಇದೇ ಎಚ್ಚರ ಅಗತ್ಯ. 1 ಎಕರೆ 30 ಗುಂಟೆಯ ಎರಡು ಜಮೀನುಗಳನ್ನು ಕೂಡಿದರೆ 3 ಎಕರೆ 20 ಗುಂಟೆಯಾಗುತ್ತದೆ. 1.30 ಮತ್ತು 1.30 ಎಂದು ದಶಮಾಂಶ ಕ್ರಮದಲ್ಲಿ ಕೂಡಿದರೆ 2.60 ಎಂಬ ತಪ್ಪು ಉತ್ತರ ಬರುತ್ತದೆ. ಹೆಕ್ಟೇರಿಗೆ ಪರಿವರ್ತಿಸಲು ಮೊದಲು ಗುಂಟೆಯನ್ನು 40ರಿಂದ ಭಾಗಿಸಿ ಎಕರೆಗೆ ತರಬೇಕು, ಅನಂತರ 2.471ರಿಂದ ಭಾಗಿಸಬೇಕು. 2 ಎಕರೆ 20 ಗುಂಟೆ ಸುಮಾರು 1.012 ಹೆಕ್ಟೇರಿಗೆ ಸಮ, 2.2 ಎಕರೆಯಾದರೆ ಕೇವಲ 0.890 ಹೆಕ್ಟೇರು.

4. ಕೇಂದ್ರ ಪ್ರವೃತ್ತಿಯ ಮೂರು ಅಳತೆಗಳು

ಹಲವು ಸಂಖ್ಯೆಗಳ ಪರವಾಗಿ ನಿಲ್ಲಬಲ್ಲ ಒಂದು ಸಂಖ್ಯೆಯನ್ನು ಕೇಂದ್ರ ಪ್ರವೃತ್ತಿಯ ಅಳತೆ ಎನ್ನುವರು. ಇವು ಮೂರು:

ಅ) ಸರಾಸರಿ: ಎಲ್ಲ ಬೆಲೆಗಳನ್ನು ಕೂಡಿ, ಎಷ್ಟು ಬೆಲೆಗಳಿವೆಯೋ ಆ ಸಂಖ್ಯೆಯಿಂದ ಭಾಗಿಸಿದಾಗ ಬರುವುದು.
ಆ) ಮಧ್ಯಾಂಕ: ಬೆಲೆಗಳನ್ನು ಏರಿಕೆ ಕ್ರಮದಲ್ಲಿ ಜೋಡಿಸಿದಾಗ ನಟ್ಟನಡುವೆ ಬರುವ ಬೆಲೆ. ಬೆಲೆಗಳ ಸಂಖ್ಯೆ ಸಮಸಂಖ್ಯೆಯಾದರೆ ನಡುವಿನ ಎರಡರ ಸರಾಸರಿ.
ಇ) ಬಹುಲಕ: ಅತಿ ಹೆಚ್ಚು ಬಾರಿ ಬರುವ ಬೆಲೆ.

ಯಾವ ಮಾಪನಕ್ಕೆ ಯಾವ ಅಳತೆ ಸಲ್ಲುತ್ತದೆ ಎಂಬುದು ಮುಖ್ಯ. ನಾಮ ಮಾಪನಕ್ಕೆ ಬಹುಲಕ ಮಾತ್ರ ಸಲ್ಲುತ್ತದೆ. "ಈ ಹೋಬಳಿಯಲ್ಲಿ ಹೆಚ್ಚು ರೈತರು ಬೆಳೆಯುವುದು ರಾಗಿ" ಎಂದು ಹೇಳಬಹುದು. ಕ್ರಮ ಮಾಪನಕ್ಕೆ ಬಹುಲಕ ಮತ್ತು ಮಧ್ಯಾಂಕ ಸಲ್ಲುತ್ತವೆ. ಅಂತರ ಮತ್ತು ಅನುಪಾತ ಮಾಪನಗಳಿಗೆ ಮೂರೂ ಸಲ್ಲುತ್ತವೆ.

ಬಹುಲಕವನ್ನು ನೋಡುವಾಗ ವಿವರ ಸಂಗ್ರಹಿಸಿದ ರೀತಿಯನ್ನೂ ಗಮನಿಸಬೇಕು. ಭಾರತದ ಜನಗಣತಿಗಳಲ್ಲಿ 30, 35, 40, 45 ಮುಂತಾದ ವಯಸ್ಸುಗಳಲ್ಲಿ ಜನರ ಸಂಖ್ಯೆ ಅಸಹಜವಾಗಿ ಹೆಚ್ಚಿರುವುದು ಕಂಡುಬಂದಿದೆ. ಜನ್ಮ ದಿನಾಂಕ ಖಚಿತವಾಗಿ ತಿಳಿಯದವರು ವಯಸ್ಸನ್ನು ಅಂದಾಜಿನಿಂದ ಸೊನ್ನೆ ಅಥವಾ ಐದರಲ್ಲಿ ಕೊನೆಗೊಳ್ಳುವ ಸಂಖ್ಯೆಯಾಗಿ ಹೇಳುವುದೇ ಇದಕ್ಕೆ ಕಾರಣ. ಪಿಂಚಣಿಗೆ ಅರ್ಹತೆಯ ವಯಸ್ಸು ನಿಗದಿಯಾಗಿರುವಾಗ ಇಂತಹ ಅಂದಾಜು ಅರ್ಜಿದಾರರಿಗೆ ತೊಂದರೆಯುಂಟುಮಾಡುತ್ತದೆ. ಜನನ ಮತ್ತು ಮರಣ ನೋಂದಣಿ ಅಧಿನಿಯಮ 1969ರ ಅಡಿಯಲ್ಲಿ ಘಟನೆ ನಡೆದ 21 ದಿನಗಳೊಳಗೆ ವರದಿ ಮಾಡುವುದು ಕಡ್ಡಾಯವಾಗಿರುವುದರ ಪ್ರಯೋಜನ ಇಲ್ಲಿ ಸ್ಪಷ್ಟವಾಗುತ್ತದೆ.

5. ಬೆಳೆ ಕಟಾವು ಪ್ರಯೋಗ

ಒಂದು ಗ್ರಾಮ ಪಂಚಾಯಿತಿಯ ಎಲ್ಲ ಹೊಲಗಳ ಬೆಳೆಯನ್ನು ತೂಗುವುದು ಸಾಧ್ಯವಿಲ್ಲ. ಅದಕ್ಕಾಗಿ ಕೆಲವು ಹೊಲಗಳನ್ನು ಯಾದೃಚ್ಛಿಕವಾಗಿ ಆಯ್ಕೆ ಮಾಡಿ ಅಲ್ಲಿನ ಇಳುವರಿಯನ್ನು ಅಳೆಯಲಾಗುತ್ತದೆ. ಭಾರತದಲ್ಲಿ ಈ ವಿಧಾನವನ್ನು ಶಾಸ್ತ್ರೀಯವಾಗಿ ರೂಪಿಸಿದವರಲ್ಲಿ ಮಹಾಲನೋಬಿಸ್ ಮತ್ತು ಪಿ.ವಿ. ಸುಖಾತ್ಮೆ ಅವರು ಪ್ರಮುಖರು.

ಯಾದೃಚ್ಛಿಕ ಆಯ್ಕೆ ಎಂದರೆ ಮನಸ್ಸಿಗೆ ಬಂದಂತೆ ಆರಿಸುವುದಲ್ಲ. ಯಾದೃಚ್ಛಿಕ ಸಂಖ್ಯೆಗಳ ಸಹಾಯದಿಂದ ಮೊದಲು ಸರ್ವೆ ನಂಬರು, ಅನಂತರ ಹೊಲ, ಅನಂತರ ಹೊಲದ ನೈರುತ್ಯ ಮೂಲೆಯಿಂದ ಇಷ್ಟು ಹೆಜ್ಜೆ ಉದ್ದ, ಇಷ್ಟು ಹೆಜ್ಜೆ ಅಗಲ ಎಂದು ಸ್ಥಳವನ್ನು ಗೊತ್ತುಪಡಿಸಲಾಗುತ್ತದೆ. ಬೆಳೆ ಚೆನ್ನಾಗಿರುವ ಕಡೆಗಾಗಲಿ ಹಾಳಾಗಿರುವ ಕಡೆಗಾಗಲಿ ಸ್ಥಳವನ್ನು ಸರಿಸಲು ಯಾರಿಗೂ ಅವಕಾಶವಿರುವುದಿಲ್ಲ. ಸಾಮಾನ್ಯವಾಗಿ 5 ಮೀಟರ್ ಉದ್ದ, 5 ಮೀಟರ್ ಅಗಲದ ತಾಕನ್ನು ಗುರುತಿಸಿ, ಅದರೊಳಗಿನ ಬೆಳೆಯನ್ನು ಕಟಾವು ಮಾಡಿ, ಒಕ್ಕಣೆ ಮಾಡಿ, ಕಾಳನ್ನು ತೂಗಿ, ತೇವಾಂಶಕ್ಕೆ ತಕ್ಕಂತೆ ಒಣ ತೂಕವನ್ನು ಲೆಕ್ಕ ಹಾಕಲಾಗುತ್ತದೆ. ತಾಕಿನ ವಿಸ್ತೀರ್ಣ 25 ಚದರ ಮೀಟರ್, ಹೆಕ್ಟೇರು ಎಂದರೆ 10,000 ಚದರ ಮೀಟರ್. ಆದ್ದರಿಂದ ತಾಕಿನ ತೂಕವನ್ನು 400ರಿಂದ ಗುಣಿಸಿದರೆ ಹೆಕ್ಟೇರಿನ ಇಳುವರಿ ದೊರೆಯುತ್ತದೆ.

2016ರ ಮುಂಗಾರು ಹಂಗಾಮಿನಲ್ಲಿ ಜಾರಿಗೆ ಬಂದ ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆಯ ಮಾರ್ಗಸೂಚಿಯಂತೆ ಗ್ರಾಮ ಪಂಚಾಯಿತಿಯು ವಿಮಾ ಘಟಕವಾಗಿರುವಲ್ಲಿ ಪ್ರಮುಖ ಬೆಳೆಗೆ ಕನಿಷ್ಠ 4 ಪ್ರಯೋಗಗಳನ್ನು ನಡೆಸಬೇಕಾಗುತ್ತದೆ. ಉದಾಹರಣೆಗಾಗಿ ಒಂದು ಪಂಚಾಯಿತಿಯ ನಾಲ್ಕು ರಾಗಿ ತಾಕುಗಳ ತೂಕ ಈ ಕೆಳಕಂಡಂತಿದೆ ಎಂದು ಭಾವಿಸಲಾಗಿದೆ:

ಒಂದನೆಯ ತಾಕು: 3.6 ಕಿಲೋ
ಎರಡನೆಯ ತಾಕು: 3.2 ಕಿಲೋ
ಮೂರನೆಯ ತಾಕು: 0.6 ಕಿಲೋ
ನಾಲ್ಕನೆಯ ತಾಕು: 3.4 ಕಿಲೋ

ಒಟ್ಟು 10.8 ಕಿಲೋ, ಸರಾಸರಿ 2.7 ಕಿಲೋ. ಇದನ್ನು 400ರಿಂದ ಗುಣಿಸಿದರೆ ಹೆಕ್ಟೇರಿಗೆ 1,080 ಕಿಲೋ. ಇದೇ ಆ ಪಂಚಾಯಿತಿಯ ಆ ವರ್ಷದ ವಾಸ್ತವಿಕ ಇಳುವರಿ.

ಇಲ್ಲಿ ಮಧ್ಯಾಂಕವನ್ನು ಏಕೆ ಬಳಸುವುದಿಲ್ಲ ಎಂಬ ಪ್ರಶ್ನೆ ಸಹಜ. ನಾಲ್ಕು ತಾಕುಗಳ ಮಧ್ಯಾಂಕ 3.3 ಕಿಲೋ, ಅಂದರೆ ಹೆಕ್ಟೇರಿಗೆ 1,320 ಕಿಲೋ. ಮಧ್ಯಾಂಕವು ಮೂರನೆಯ ತಾಕಿನ ಭಾರಿ ನಷ್ಟವನ್ನು ಗಣನೆಗೆ ತೆಗೆದುಕೊಳ್ಳುವುದೇ ಇಲ್ಲ. ಆ ತಾಕಿನಲ್ಲಿ ಒಂದು ಕಾಳೂ ಬೆಳೆಯದಿದ್ದರೂ ಮಧ್ಯಾಂಕ ಅಷ್ಟೇ ಇರುತ್ತಿತ್ತು. ಸರಾಸರಿಯಾದರೋ ಪ್ರತಿಯೊಂದು ತಾಕಿನ ನಷ್ಟವನ್ನೂ ಹೊತ್ತುಕೊಳ್ಳುತ್ತದೆ. ಅಲ್ಲದೆ ಸರಾಸರಿಯನ್ನು ಬಿತ್ತನೆಯಾದ ವಿಸ್ತೀರ್ಣದಿಂದ ಗುಣಿಸಿದರೆ ಪಂಚಾಯಿತಿಯ ಒಟ್ಟು ಉತ್ಪಾದನೆಯ ಅಂದಾಜು ದೊರೆಯುತ್ತದೆ; ಮಧ್ಯಾಂಕದಿಂದ ಅದು ದೊರೆಯುವುದಿಲ್ಲ.

6. ಖಾತರಿ ಇಳುವರಿ ಮತ್ತು ಪರಿಹಾರದ ಲೆಕ್ಕ

ವಾಸ್ತವಿಕ ಇಳುವರಿಯನ್ನು ಯಾವುದರೊಂದಿಗೆ ಹೋಲಿಸಬೇಕು? ಯೋಜನೆಯ ಮಾರ್ಗಸೂಚಿಯಂತೆ ಹಿಂದಿನ 7 ವರ್ಷಗಳಲ್ಲಿ ಅತ್ಯುತ್ತಮವಾದ 5 ವರ್ಷಗಳ ಸರಾಸರಿ ಇಳುವರಿಯನ್ನು ನಷ್ಟ ಭರ್ತಿ ಮಟ್ಟದಿಂದ ಗುಣಿಸಿ ಖಾತರಿ ಇಳುವರಿಯನ್ನು ನಿಗದಿಪಡಿಸಲಾಗುತ್ತದೆ. ನಷ್ಟ ಭರ್ತಿ ಮಟ್ಟ ಶೇ. 70, 80 ಅಥವಾ 90 ಆಗಿರುತ್ತದೆ. ಉದಾಹರಣೆಯ ಪಂಚಾಯಿತಿಯಲ್ಲಿ ಏಳು ವರ್ಷಗಳ ರಾಗಿ ಇಳುವರಿ, ಹೆಕ್ಟೇರಿಗೆ ಕಿಲೋಗಳಲ್ಲಿ, ಹೀಗಿದೆ ಎಂದು ಭಾವಿಸಲಾಗಿದೆ:

1,900, 1,750, 600, 1,820, 1,680, 1,850, 850

ಏಳೂ ವರ್ಷಗಳ ಸರಾಸರಿ ಸುಮಾರು 1,493 ಕಿಲೋ. ಮಧ್ಯಾಂಕ 1,750 ಕಿಲೋ. ಉತ್ತಮ ಐದು ವರ್ಷಗಳ ಮೊತ್ತ 9,000 ಕಿಲೋ, ಸರಾಸರಿ 1,800 ಕಿಲೋ. ಎರಡು ಬರದ ವರ್ಷಗಳು ಏಳು ವರ್ಷಗಳ ಸರಾಸರಿಯನ್ನು ಬಹಳಷ್ಟು ಕೆಳಗೆ ಎಳೆದಿರುವುದನ್ನು ಗಮನಿಸಬಹುದು.

ನಷ್ಟ ಭರ್ತಿ ಮಟ್ಟ ಶೇ. 80 ಆಗಿದ್ದರೆ ಖಾತರಿ ಇಳುವರಿ 1,440 ಕಿಲೋ. ಪರಿಹಾರದ ಪ್ರಮಾಣವನ್ನು ಲೆಕ್ಕ ಹಾಕುವ ಕ್ರಮ ಹೀಗಿದೆ: ಖಾತರಿ ಇಳುವರಿಯಿಂದ ವಾಸ್ತವಿಕ ಇಳುವರಿಯನ್ನು ಕಳೆದು, ಬಂದ ಕೊರತೆಯನ್ನು ಖಾತರಿ ಇಳುವರಿಯಿಂದ ಭಾಗಿಸಿ, ವಿಮಾ ಮೊತ್ತದಿಂದ ಗುಣಿಸಬೇಕು. ಇಲ್ಲಿ ಕೊರತೆ 360 ಕಿಲೋ. 360ನ್ನು 1,440ರಿಂದ ಭಾಗಿಸಿದರೆ ಶೇ. 25. ವಿಮಾ ಮೊತ್ತ ಹೆಕ್ಟೇರಿಗೆ 40,000 ರೂಪಾಯಿ ಎಂದು ಭಾವಿಸಿದರೆ ಪರಿಹಾರ ಹೆಕ್ಟೇರಿಗೆ 10,000 ರೂಪಾಯಿ.

ಬೇರೆ ಅಳತೆ ಬಳಸಿದ್ದರೆ ಏನಾಗುತ್ತಿತ್ತು ಎಂಬುದನ್ನು ಈ ಕೆಳಗೆ ತೋರಿಸಲಾಗಿದೆ:

ಉತ್ತಮ ಐದು ವರ್ಷಗಳ ಸರಾಸರಿ ಬಳಸಿದಾಗ: ಖಾತರಿ ಇಳುವರಿ 1,440 ಕಿಲೋ, ಪರಿಹಾರ ಶೇ. 25
ಮಧ್ಯಾಂಕ ಬಳಸಿದಾಗ: ಖಾತರಿ ಇಳುವರಿ 1,400 ಕಿಲೋ, ಪರಿಹಾರ ಸುಮಾರು ಶೇ. 22.9
ಏಳೂ ವರ್ಷಗಳ ಸರಾಸರಿ ಬಳಸಿದಾಗ: ಖಾತರಿ ಇಳುವರಿ ಸುಮಾರು 1,194 ಕಿಲೋ, ಪರಿಹಾರ ಸುಮಾರು ಶೇ. 9.6

ಅಂಕಿಗಳು ಅವೇ, ಹೊಲಗಳು ಅವೇ. ಸಾರಾಂಶ ಹೇಳುವ ಅಳತೆ ಬದಲಾದ ಮಾತ್ರಕ್ಕೆ ಪರಿಹಾರ ಎರಡೂವರೆ ಪಟ್ಟಿಗೂ ಹೆಚ್ಚು ವ್ಯತ್ಯಾಸವಾಗುತ್ತದೆ. ಯಾವ ಸರಾಸರಿ, ಯಾವ ವರ್ಷಗಳ ಸರಾಸರಿ ಎಂದು ವಿಚಾರಿಸುವುದು ಆದ್ದರಿಂದ ಅತ್ಯಗತ್ಯ.

ದಾಖಲಾತಿಯ ನಿಖರತೆಯೂ ಅಷ್ಟೇ ಮುಖ್ಯ. ಮೂರನೆಯ ತಾಕಿನ 0.6 ಕಿಲೋ ಎಂಬುದನ್ನು ದಶಮಾಂಶ ಬಿಂದು ತಪ್ಪಿ 6.0 ಎಂದು ನಮೂದಿಸಿದರೆ ಒಟ್ಟು 16.2 ಕಿಲೋ, ಸರಾಸರಿ 4.05 ಕಿಲೋ, ಹೆಕ್ಟೇರಿಗೆ 1,620 ಕಿಲೋ ಆಗುತ್ತದೆ. ಇದು ಖಾತರಿ ಇಳುವರಿಗಿಂತ ಹೆಚ್ಚು. ಒಂದು ಬಿಂದುವಿನ ದೋಷದಿಂದ ಇಡೀ ಪಂಚಾಯಿತಿಯ ರಾಗಿ ಬೆಳೆಗಾರರಿಗೆ ಪರಿಹಾರವೇ ಇಲ್ಲವಾಗುತ್ತದೆ. ಕಟಾವು ಪ್ರಯೋಗದ ವೇಳೆ ಹೊಲದ ಮಾಲೀಕರು ಸ್ಥಳದಲ್ಲಿ ಹಾಜರಿದ್ದು, ತೂಕವನ್ನು ಸ್ವತಃ ನೋಡಿಕೊಳ್ಳುವುದು ಈ ಕಾರಣದಿಂದ ಸೂಕ್ತ.

7. ಚದುರುವಿಕೆ: ಸರಾಸರಿ ಹೇಳದ ಸಂಗತಿ

ಮೇಲಿನ ಉದಾಹರಣೆಯಲ್ಲಿ ಮೂರನೆಯ ತಾಕಿನ ರೈತನಿಗೆ ಹೆಕ್ಟೇರಿಗೆ 240 ಕಿಲೋ ಮಾತ್ರ ಬೆಳೆ ಬಂದಿದೆ. ಮೊದಲನೆಯ ತಾಕಿನ ರೈತನಿಗೆ 1,440 ಕಿಲೋ ಬಂದಿದೆ. ಇಬ್ಬರಿಗೂ ಪರಿಹಾರ ಶೇ. 25 ಮಾತ್ರ. ಪೀಠಿಕೆಯಲ್ಲಿ ಹೇಳಿದ ಪ್ರಶ್ನೆಯ ಮೂಲ ಇದೇ. ವಿಮೆಯು ಘಟಕದ ಸರಾಸರಿಯನ್ನು ನೋಡುತ್ತದೆ, ಪ್ರತ್ಯೇಕ ಹೊಲವನ್ನಲ್ಲ. ಸರಾಸರಿಯ ಸುತ್ತ ಬೆಲೆಗಳು ಎಷ್ಟು ಹರಡಿಕೊಂಡಿವೆ ಎಂಬುದನ್ನು ಚದುರುವಿಕೆಯ ಅಳತೆಗಳು ತಿಳಿಸುತ್ತವೆ.

ವ್ಯಾಪ್ತಿ: ಗರಿಷ್ಠ ಬೆಲೆಯಿಂದ ಕನಿಷ್ಠ ಬೆಲೆಯನ್ನು ಕಳೆದಾಗ ಬರುವುದು. ಉದಾಹರಣೆಯಲ್ಲಿ 3.6ರಿಂದ 0.6 ಕಳೆದರೆ 3.0 ಕಿಲೋ. ನೆರೆಯ ಪಂಚಾಯಿತಿಯೊಂದರಲ್ಲಿ ನಾಲ್ಕು ತಾಕುಗಳ ತೂಕ 2.6, 2.8, 2.7, 2.7 ಎಂದು ಭಾವಿಸಿದರೆ ಅಲ್ಲಿಯೂ ಸರಾಸರಿ 2.7 ಕಿಲೋ, ವ್ಯಾಪ್ತಿ ಮಾತ್ರ 0.2 ಕಿಲೋ. ಸರಾಸರಿ ಒಂದೇ ಆದರೂ ಎರಡು ಪಂಚಾಯಿತಿಗಳ ಪರಿಸ್ಥಿತಿ ಒಂದೇ ಅಲ್ಲ. ಎರಡನೆಯದರಲ್ಲಿ ಎಲ್ಲರಿಗೂ ಸಮನಾಗಿ ನಷ್ಟವಾಗಿದೆ. ಮೊದಲನೆಯದರಲ್ಲಿ ಒಬ್ಬನ ಹೊಲ ಪೂರ್ತಿ ಸೊರಗಿದೆ.

ಮಾನಕ ವಿಚಲನೆ: ಪ್ರತಿಯೊಂದು ಬೆಲೆಯು ಸರಾಸರಿಯಿಂದ ಎಷ್ಟು ದೂರವಿದೆ ಎಂಬುದನ್ನು ಕಂಡುಹಿಡಿದು, ಆ ಅಂತರಗಳನ್ನು ವರ್ಗ ಮಾಡಿ, ವರ್ಗಗಳ ಸರಾಸರಿಯ ವರ್ಗಮೂಲವನ್ನು ತೆಗೆಯಬೇಕು. ಮೊದಲ ಪಂಚಾಯಿತಿಯಲ್ಲಿ ಅಂತರಗಳು 0.9, 0.5, -2.1 ಮತ್ತು 0.7. ವರ್ಗಗಳ ಮೊತ್ತ 5.96; ನಾಲ್ಕರಿಂದ ಭಾಗಿಸಿದರೆ 1.49; ವರ್ಗಮೂಲ ಸುಮಾರು 1.22 ಕಿಲೋ. ಎರಡನೆಯ ಪಂಚಾಯಿತಿಯಲ್ಲಿ ಇದು ಸುಮಾರು 0.07 ಕಿಲೋ ಮಾತ್ರ. ಮಾದರಿಯಿಂದ ಇಡೀ ಪ್ರದೇಶದ ಚದುರುವಿಕೆಯನ್ನು ಅಂದಾಜು ಮಾಡುವಾಗ ನಾಲ್ಕರ ಬದಲು ಮೂರರಿಂದ, ಅಂದರೆ ಬೆಲೆಗಳ ಸಂಖ್ಯೆಗಿಂತ ಒಂದು ಕಡಿಮೆಯಿಂದ, ಭಾಗಿಸುವ ಪದ್ಧತಿಯಿದೆ.

ಯೋಜನೆಯಲ್ಲಿ ಮೂರು ನಷ್ಟ ಭರ್ತಿ ಮಟ್ಟಗಳಿರುವುದಕ್ಕೂ ಚದುರುವಿಕೆಗೂ ಸಂಬಂಧವಿದೆ. ವರ್ಷದಿಂದ ವರ್ಷಕ್ಕೆ ಇಳುವರಿ ಹೆಚ್ಚು ಏರಿಳಿತ ಕಾಣುವ ಬೆಳೆ ಹಾಗೂ ಪ್ರದೇಶಗಳಿಗೆ ಅಪಾಯ ಹೆಚ್ಚೆಂದು ಪರಿಗಣಿಸಿ ಕಡಿಮೆ ಮಟ್ಟವನ್ನೂ, ಏರಿಳಿತ ಕಡಿಮೆಯಿರುವ ಕಡೆ ಹೆಚ್ಚಿನ ಮಟ್ಟವನ್ನೂ ನಿಗದಿಪಡಿಸಲಾಗುತ್ತದೆ.

ಘಟಕದ ಸರಾಸರಿಯಲ್ಲಿ ಮುಚ್ಚಿಹೋಗುವ ವೈಯಕ್ತಿಕ ನಷ್ಟಕ್ಕೆ ಯೋಜನೆಯಲ್ಲಿ ಸೀಮಿತ ಅವಕಾಶವಿದೆ. ಆಲಿಕಲ್ಲು ಮಳೆ, ಭೂಕುಸಿತ ಮುಂತಾದ ಸ್ಥಳೀಯ ವಿಕೋಪಗಳಿಂದ ನಷ್ಟವಾದಾಗ 72 ಗಂಟೆಗಳೊಳಗೆ ಸೂಚನೆ ನೀಡಿದರೆ ಪ್ರತ್ಯೇಕ ಹೊಲದ ಮಟ್ಟದಲ್ಲಿ ನಷ್ಟವನ್ನು ಅಂದಾಜು ಮಾಡಲಾಗುತ್ತದೆ. ಈ ಅವಧಿ ಮೀರಿದ ನಂತರ ರೈತರು ಘಟಕದ ಸರಾಸರಿಯನ್ನೇ ಅವಲಂಬಿಸಬೇಕಾಗುತ್ತದೆ.

8. ಶೇಕಡಾವಾರು ಮತ್ತು ತೂಕಿತ ಸರಾಸರಿ

2011ರ ಜನಗಣತಿಯಂತೆ ಕರ್ನಾಟಕದಲ್ಲಿ ಪುರುಷರ ಸಾಕ್ಷರತೆ ಶೇ. 82.47, ಮಹಿಳೆಯರ ಸಾಕ್ಷರತೆ ಶೇ. 68.08. ಎರಡನ್ನೂ ಕೂಡಿ ಅರ್ಧ ಮಾಡಿದರೆ ಸುಮಾರು ಶೇ. 75.28. ಆದರೆ ರಾಜ್ಯದ ಸಾಕ್ಷರತೆ ಶೇ. 75.36. ಗಣತಿಗೆ ಒಳಪಟ್ಟ ಪುರುಷರ ಸಂಖ್ಯೆ ಮಹಿಳೆಯರಿಗಿಂತ ತುಸು ಹೆಚ್ಚಿದ್ದುದರಿಂದ ಈ ವ್ಯತ್ಯಾಸ. ಗುಂಪುಗಳ ಗಾತ್ರಕ್ಕೆ ತಕ್ಕ ಪ್ರಾಧಾನ್ಯ ನೀಡಿ ತೆಗೆಯುವ ಸರಾಸರಿಗೆ ತೂಕಿತ ಸರಾಸರಿ ಎನ್ನುವರು. ಗುಂಪುಗಳ ಗಾತ್ರ ಬಹಳ ಭಿನ್ನವಾಗಿರುವಾಗ ಶೇಕಡಾವಾರುಗಳನ್ನು ನೇರವಾಗಿ ಕೂಡಿ ಭಾಗಿಸುವುದು ದೊಡ್ಡ ತಪ್ಪಿಗೆ ಕಾರಣವಾಗುತ್ತದೆ.

ರಾಜ್ಯದ ಸಾಕ್ಷರತೆ 2001ರಲ್ಲಿ ಶೇ. 66.64 ಇತ್ತು. 2011ಕ್ಕೆ ಇದು 8.72 ಶೇಕಡಾ ಅಂಶಗಳಷ್ಟು ಹೆಚ್ಚಿತು. ಇದನ್ನೇ 2001ರ ಮಟ್ಟಕ್ಕೆ ಹೋಲಿಸಿದರೆ ಸುಮಾರು ಶೇ. 13.1ರಷ್ಟು ಹೆಚ್ಚಳ. ಎರಡೂ ಹೇಳಿಕೆಗಳು ಸರಿ. ಆದರೆ ಒಂದರ ಬದಲು ಇನ್ನೊಂದನ್ನು ಬಳಸಬಾರದು.

ರಾಜ್ಯದ ಸರಾಸರಿ ಪ್ರತಿ ಜಿಲ್ಲೆಯ ಚಿತ್ರವಲ್ಲ. ಅದೇ ಜನಗಣತಿಯಲ್ಲಿ ದಕ್ಷಿಣ ಕನ್ನಡ ಜಿಲ್ಲೆಯ ಸಾಕ್ಷರತೆ ಶೇ. 88.57, ಯಾದಗಿರಿ ಜಿಲ್ಲೆಯದು ಶೇ. 51.83. ವ್ಯಾಪ್ತಿ 36.74 ಶೇಕಡಾ ಅಂಶಗಳು. ಸೌಲಭ್ಯಗಳನ್ನು ಹಂಚುವಾಗ ರಾಜ್ಯದ ಸರಾಸರಿಯೊಂದನ್ನೇ ನೋಡಿದರೆ ಹೆಚ್ಚು ಅಗತ್ಯವಿರುವ ಜಿಲ್ಲೆ ಕಣ್ಣಿಗೆ ಬೀಳುವುದಿಲ್ಲ.

9. ಅರ್ಜಿದಾರರು ಗಮನಿಸಬೇಕಾದ ಅಂಶಗಳು

1) ಸರ್ವೆ ನಂಬರು, ಖಾತೆ ಸಂಖ್ಯೆ ಮುಂತಾದ ಗುರುತಿನ ಅಂಕಿಗಳನ್ನು ಮೂಲ ದಾಖಲೆಯೊಂದಿಗೆ ಒಂದೊಂದಾಗಿ ತಾಳೆ ನೋಡತಕ್ಕದ್ದು.
2) ವಿಸ್ತೀರ್ಣವನ್ನು ಬರೆಯುವಾಗ "2 ಎಕರೆ 20 ಗುಂಟೆ" ಎಂದು ಏಕಮಾನ ಸಹಿತ ನಮೂದಿಸುವುದು. ಮೇಲಿನ ಉದಾಹರಣೆಯ ದರದಲ್ಲಿ 2 ಎಕರೆ 20 ಗುಂಟೆಗೆ ಪರಿಹಾರ ಸುಮಾರು 10,117 ರೂಪಾಯಿ, ಅದನ್ನೇ 2.2 ಎಕರೆ ಎಂದು ತಿಳಿದರೆ ಸುಮಾರು 8,903 ರೂಪಾಯಿ. ನಷ್ಟ 1,200 ರೂಪಾಯಿಗೂ ಹೆಚ್ಚು.
3) ವಯಸ್ಸನ್ನು ಅಂದಾಜಿನಿಂದ ಬರೆಯದೆ, ದಾಖಲೆಯಲ್ಲಿರುವ ಜನ್ಮ ದಿನಾಂಕದಿಂದ ಪೂರ್ಣಗೊಂಡ ವರ್ಷಗಳನ್ನು ಲೆಕ್ಕ ಹಾಕಿ ಬರೆಯುವುದು.
4) ಬಿತ್ತಿದ ಬೆಳೆಯ ಹೆಸರು ವಿಮಾ ಅರ್ಜಿಯಲ್ಲಿಯೂ ಬೆಳೆ ಸಮೀಕ್ಷೆಯಲ್ಲಿಯೂ ಒಂದೇ ಆಗಿರುವುದನ್ನು ಖಚಿತಪಡಿಸಿಕೊಳ್ಳುವುದು.
5) ಬೆಳೆ ಕಟಾವು ಪ್ರಯೋಗಕ್ಕೆ ಹೊಲ ಆಯ್ಕೆಯಾದಲ್ಲಿ, ಪ್ರಯೋಗಕ್ಕೆ ಮುನ್ನ ಆ ಬೆಳೆಯನ್ನು ಕೊಯ್ಲು ಮಾಡದೆ ಸಹಕರಿಸುವುದು. ಪ್ರಯೋಗವೊಂದು ಕೈತಪ್ಪಿದರೆ ಸರಾಸರಿಯ ಆಧಾರವೇ ದುರ್ಬಲವಾಗುತ್ತದೆ.
6) ಸರಾಸರಿಯನ್ನು ಆಧರಿಸಿದ ಯಾವುದೇ ನಿರ್ಧಾರದ ಬಗ್ಗೆ ಸಂದೇಹವಿದ್ದಲ್ಲಿ ಈ ನಾಲ್ಕು ಪ್ರಶ್ನೆಗಳನ್ನು ಕೇಳುವುದು: ಎಷ್ಟು ಬೆಲೆಗಳ ಸರಾಸರಿ? ಯಾವ ಪ್ರದೇಶದ ಹಾಗೂ ಯಾವ ವರ್ಷಗಳ ಸರಾಸರಿ? ಗರಿಷ್ಠ ಮತ್ತು ಕನಿಷ್ಠ ಎಷ್ಟು? ಏಕಮಾನ ಯಾವುದು?

ಉಪಸಂಹಾರ

ಅಂಕಿ ಅಂಶಗಳು ಕಚೇರಿಯ ಕಡತದಲ್ಲಿ ಹುಟ್ಟುವುದಿಲ್ಲ. ಅವು ಹೊಲದ ತಾಕಿನಲ್ಲಿ, ಮನೆಯ ಬಾಗಿಲಿನಲ್ಲಿ, ಅರ್ಜಿಯ ಚೌಕದಲ್ಲಿ ಹುಟ್ಟುತ್ತವೆ. ಅಲ್ಲಿ ಸರಿಯಾಗಿ ನಮೂದಾದ ಅಂಕಿ ಮುಂದೆ ನ್ಯಾಯಯುತವಾದ ಲೆಕ್ಕಕ್ಕೆ ಆಧಾರವಾಗುತ್ತದೆ. ಅಲ್ಲಿ ಆದ ತಪ್ಪನ್ನು ಮುಂದಿನ ಯಾವ ಸೂತ್ರವೂ ತಿದ್ದಲಾರದು. ತಮ್ಮ ಗ್ರಾಮ ಪಂಚಾಯಿತಿಯ ಖಾತರಿ ಇಳುವರಿ, ವಾಸ್ತವಿಕ ಇಳುವರಿ ಹಾಗೂ ವಿಮಾ ಮೊತ್ತದ ವಿವರಗಳನ್ನು ತಿಳಿಯಲು ರೈತರು ಸಮೀಪದ ರೈತ ಸಂಪರ್ಕ ಕೇಂದ್ರವನ್ನು, ಬೆಳೆ ಕಟಾವು ಪ್ರಯೋಗದ ವಿವರಗಳಿಗಾಗಿ ತಾಲ್ಲೂಕು ಕಚೇರಿಯನ್ನು ಅಥವಾ ಜಿಲ್ಲಾ ಸಾಂಖ್ಯಿಕ ಕಚೇರಿಯನ್ನು ಸಂಪರ್ಕಿಸಬಹುದಾಗಿದೆ.